ಎರಡನೇ ಬಸಿರು ಅಂದ್ರೆ ಯಾಕೆ ಎಲ್ಲರಿಗೂ ಅಷ್ಟು ಹಗುರ?

ತುಂಗಾತೀರದವಳು
ನಮಸ್ಕಾರ ಎಲ್ರಿಗೂ. ಶಿವಮೊಗ್ಗ ಕಡೆಯವಳು. ಈಗ ಐದನೇ ತಿಂಗಳು ನಡೀತಿದೆ, ಎರಡನೇದು. ಮಗನಿಗೆ ಮೂರು ತುಂಬಿದೆ, ಅವನು ಹುಟ್ಟಿದ್ದು ಸಿಸೇರಿಯನ್ ಆಗಿ.

ಮೊದಲನೇ ಸಲ ನಾನು ಬಿಂದಿಗೆ ಎತ್ತಿದ್ರೆ ಅತ್ತೆ ಓಡಿ ಬಂದು ಕಿತ್ಕೊಳ್ತಿದ್ರು. ಅಮ್ಮ ಕೋಡುಬಳೆ, ಹುಳಿಯನ್ನ ಅಂತ ಕಟ್ಕೊಂಡು ಬಸ್ ಹತ್ತಿ ಬರ್ತಿದ್ರು. ಈ ಸಲ ಯಾರನ್ನ ಕೇಳಿದ್ರೂ ಒಂದೇ ಮಾತು, "ಎರಡನೇದಲ್ವಾ, ನಿಂಗೆಲ್ಲಾ ಗೊತ್ತೇ ಇದೆ." ಮಗನನ್ನ ಸೊಂಟದ ಮೇಲೆ ಹೊತ್ಕೊಂಡೇ ಸ್ಕ್ಯಾನಿಂಗ್ ಕ್ಯೂನಲ್ಲಿ ನಿಲ್ತೀನಿ. ಅಮ್ಮನಿಗೆ ಮಂಡಿ ನೋವು, ಬಾಣಂತನ ತವರಲ್ಲಿ ಆಗಲ್ಲ ಅಂತ ಈಗಲೇ ಹೇಳಿದ್ದಾರೆ. ಅವರನ್ನ ತಪ್ಪು ಅನ್ನಲ್ಲ.

ನನಗೆ ನಿಜವಾಗ್ಲೂ ತಲೆ ಕೆಟ್ಟಿರೋದು ಆಸ್ಪತ್ರೆ ವಿಷಯಕ್ಕೆ. ತೋರಿಸ್ತಿರೋ ಕ್ಲಿನಿಕ್‌ನಲ್ಲಿ "ಹೋದ ಸಲ ಎಲ್ಲಾ ನಾರ್ಮಲ್ ಇತ್ತಲ್ಲಮ್ಮ, ಮತ್ತೆ ಎಲ್ಲಾ ಟೆಸ್ಟ್ ಯಾಕೆ" ಅಂತ ಕಳಿಸಿಬಿಟ್ರು. ನನ್ನ ರಕ್ತದ ಗುಂಪು ಬಿ ನೆಗೆಟಿವ್, ಯಜಮಾನರದ್ದು ಮತ್ತೆ ಮಗನದ್ದು ಪಾಸಿಟಿವ್. ಹೆರಿಗೆ ಆದ ಮಾರನೇ ದಿನ ಒಂದು ದುಬಾರಿ ಇಂಜೆಕ್ಷನ್ ಕೊಟ್ಟಿದ್ರು. ಈ ಸಲ ಅದರ ಸುದ್ದಿಯೇ ಇಲ್ಲ. ಯಾವ್ಯಾವ ಪರೀಕ್ಷೆ ಮತ್ತೆ ಮಾಡಿಸಲೇಬೇಕು? ಈ ಸಲ ನಾರ್ಮಲ್ ಡೆಲಿವರಿ ಆಸೆ ಇಟ್ಕೋಬಹುದಾ? ಅನುಭವ ಇರೋರು ಹೇಳಿ.

ಮಂಡ್ಯದ್ ಸೊಸೆ
ಅಯ್ಯೋ ನನ್ ಕತೆನೇ ಬರ್ದಂಗದೆ ಕಣಕ್ಕ. ಮೊದಲ್ನೇದಕ್ಕೆ ಸೀಮಂತ, ಫೋಟೋ, ಹಸಿರು ಬಳೆ. ಎರಡ್ನೇದಕ್ಕೆ "ಇನ್ನೂ ಎಷ್ಟ್ ತಿಂಗ್ಳು?" ಅಂತ ಗಂಡನೇ ಕೇಳೋನು.

ನರ್ಸಕ್ಕ
ತಂಗಿ, ನಾನು ಹೆರಿಗೆ ವಾರ್ಡಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಮೊದಲು ಆ ಇಂಜೆಕ್ಷನ್ ವಿಷಯ ಹೇಳ್ತೀನಿ, ಮಿಕ್ಕಿದ್ದು ಆಮೇಲೆ.

ಅದು ಆಂಟಿ-ಡಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ಹೆರಿಗೆ ಹೊತ್ತಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿ ರಕ್ತಕ್ಕೆ ಸೇರುತ್ತೆ. ತಾಯಿ ಮೈ ಅದನ್ನ ಹೊರಗಿನದು ಅಂತ ತಿಳಿದು ಪ್ರತಿಕಾಯ ತಯಾರು ಮಾಡಿ ಇಟ್ಕೊಳ್ಳುತ್ತೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಪೆಟ್ಟು ಬೀಳೋದು ಎರಡನೇದಕ್ಕೆ. ಆ ಪ್ರತಿಕಾಯ ಮಾಸು ದಾಟಿ ಹೋಗಿ ಹೊಟ್ಟೆಯೊಳಗಿನ ಮಗುವಿನ ರಕ್ತಕಣ ಒಡೆಯುತ್ತೆ, ಮಗುವಿಗೆ ರಕ್ತ ಕಡಿಮೆ ಆಗುತ್ತೆ, ಕಾಮಾಲೆ ಬರುತ್ತೆ. ಹೆರಿಗೆಯಾಗಿ 72 ಗಂಟೆ ಒಳಗೆ ಇಂಜೆಕ್ಷನ್ ಕೊಡೋದು ಇದನ್ನ ತಡೆಯೋಕೆ. ನಿನಗೆ ಕೊಟ್ಟಿದ್ದಾರೆ, ಅದು ಒಳ್ಳೇದಾಯ್ತು. ಆದ್ರೆ ಈ ಸಲ ಆ ಪ್ರತಿಕಾಯ ನಿನ್ನ ರಕ್ತದಲ್ಲಿ ಇದೆಯಾ ಅಂತ ನೋಡೋ ಐಸಿಟಿ ಅನ್ನೋ ಒಂದು ರಕ್ತ ಪರೀಕ್ಷೆ ಆಗಲೇಬೇಕು, ಅದನ್ನ ಶುರುವಿನಲ್ಲೇ ಮಾಡ್ತಾರೆ. ನೆಗೆಟಿವ್ ಬಂದ್ರೆ 28ನೇ ವಾರದಲ್ಲಿ ಇನ್ನೊಮ್ಮೆ ನೋಡಿ ಒಂದು ಆಂಟಿ-ಡಿ, ಹುಟ್ಟಿದ ಮಗು ಪಾಸಿಟಿವ್ ಆದ್ರೆ ಮತ್ತೊಂದು. ಹೋದ ಸಲ ನಾರ್ಮಲ್ ಇತ್ತು ಅಂತ ಈ ಸಲ ಬಿಡೋ ವಿಷಯ ಅಲ್ಲವೇ ಅಲ್ಲ ಇದು. ನಾಳೆಯೇ ಕೇಳು. ನಡುವೆ ಒಂದು ಹನಿ ರಕ್ತ ಕಂಡ್ರೂ, ಹೊಟ್ಟೆಗೆ ಏಟು ಬಿದ್ರೂ ಅವತ್ತೇ ಹೋಗ್ಬೇಕು.

ಇನ್ನು ಹಿಮೋಗ್ಲೋಬಿನ್, ಬಿಪಿ, ಮೂತ್ರ, ಸಕ್ಕರೆ, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಇವೆಲ್ಲ ಪ್ರತಿ ಬಸಿರಿಗೂ ಹೊಸದಾಗೇ ಮಾಡೋದು. ಧನುರ್ವಾಯು, ಗಂಟಲಮಾರಿ ತಡೆಯೋ ಟಿಡಿ ಚುಚ್ಚುಮದ್ದು ಹೋದ ಬಸಿರಲ್ಲಿ ಎರಡೂ ತಗೊಂಡು ಮೂರು ವರ್ಷದೊಳಗಾದ್ರೆ ಒಂದೇ ಬೂಸ್ಟರ್ ಸಾಕು. ನಿನ್ನ ಮಗನಿಗೇ ಮೂರು ತುಂಬಿದೆ ಅಂದ್ರೆ ಎರಡು ಬೇಕಾಗುತ್ತೆ. ತಾಯಿ ಕಾರ್ಡಲ್ಲಿ ಏನು ಬರ್ದಿದ್ದಾರೆ ನೋಡು.

ಧಾರವಾಡ ಗೌಡ್ರು
ಟೆಸ್ಟ್ ಟೆಸ್ಟ್ ಅಂತ ಅಂಜಿಸೋದ ಬಿಡ್ರಿ. ನಮ್ಮಜ್ಜಿ ಎಂಟ್ ಹಡದಾಳ, ಒಂದ್ ಸ್ಕ್ಯಾನಿಂಗ್ ಇಲ್ಲ, ಒಂದ್ ಗುಳಿಗಿ ಇಲ್ಲ. ಹೊಲದಾಗ ಕೆಲ್ಸ ಮಾಡ್ಕೋತನ ಹಡದಾಳ. ಈಗ ಲ್ಯಾಬ್‌ನವರ ಕಿಸೆ ತುಂಬಸೂದ ಒಂದು ದಂಧೆ ಆಗೇತಿ.

ಮಲ್ನಾಡ್ ಮನೆ
ಗೌಡ್ರೇ, ಎಂಟರಲ್ಲಿ ಎಷ್ಟು ಉಳಿದ್ವು ಅಂತನೂ ಹೇಳಿ. ನಮ್ಮಜ್ಜಿಯ ಅಕ್ಕ ಎರಡನೇ ಹೆರಿಗೆಯಲ್ಲೇ ಹೋದ್ರು. ರಕ್ತ ನಿಲ್ಲಲಿಲ್ಲ. ತೀರ್ಥಹಳ್ಳಿಗೆ ಕಂಬಳಿ ಕಟ್ಟಿ ಹೊತ್ಕೊಂಡು ಹೊರಟಿದ್ರಂತೆ, ಹೊಳೆ ದಾಟೋ ಮೊದಲೇ ಮುಗೀತು. ಅವರ ಮಗು ನಮ್ಮಜ್ಜಿ ಹಾಲು ಕುಡಿದು ಬೆಳೀತು. ಹಡೆದು ಬದುಕಿದ ಅಜ್ಜಿಯರು ನಮ್ಮ ಜೊತೆ ಕೂತು ಕತೆ ಹೇಳ್ತಾರೆ. ಹೋದವರ ಕತೆ ಹೇಳೋರು ಯಾರು?

ಧಾರವಾಡ ಗೌಡ್ರು
ಐದ್ ಉಳದಾವ್ರಿ. ಅದು ಖರೆ. ಆದ್ರ ಪ್ರೈವೇಟ್‌ನಾಗ ಬ್ಯಾಡಾದ್ ಟೆಸ್ಟ್ ಬರದು ರೊಕ್ಕ ಕೀಳೂದೂ ಖರೇನ ಐತಿ. ನನ್ನ ತಂಗೀಗೆ ತಿಂಗ್ಳಾ ಸ್ಕ್ಯಾನಿಂಗ್ ಮಾಡ್ಸ್ಯಾರ.

ನರ್ಸಕ್ಕ
ತಿಂಗಳಿಗೊಂದು ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ, ಅದು ಒಪ್ತೀನಿ. ಎಲ್ಲಾ ಸರಿ ಇದ್ರೆ 11ರಿಂದ 13 ವಾರದ್ದು, 18–20 ವಾರದಲ್ಲಿ ಅಂಗಾಂಗ ನೋಡೋದು, ಕೊನೆಗೆ ಬೆಳವಣಿಗೆಗೆ ಒಂದು. ತೊಂದರೆ ಇದ್ದೋರಿಗೆ ಹೆಚ್ಚು. ಆದ್ರೆ ಸಿಸೇರಿಯನ್ ಆದವರು 20 ವಾರದ ಸ್ಕ್ಯಾನಲ್ಲಿ ಮಾಸು ಎಲ್ಲಿದೆ ಅಂತ ಕೇಳಲೇಬೇಕು. ಹಳೇ ಹೊಲಿಗೆ ಮೇಲೆ ಮಾಸು ಕೂತಿದ್ರೆ ಹೆರಿಗೆ ಹೊತ್ತಲ್ಲಿ ರಕ್ತಸ್ರಾವ ಭಯಂಕರ. ಇದು ಮೊದಲ ಬಸಿರಲ್ಲಿ ಇಲ್ಲದ ಹೊಸ ಅಪಾಯ. ಹಾಗಾಗಿಯೇ ಹೇಳ್ತಿರೋದು, ಎರಡನೇದಕ್ಕೆ ನೋಡಬೇಕಾದ್ದು ಕಡಿಮೆ ಆಗಲ್ಲ, ಬೇರೆ ಆಗುತ್ತೆ.

ಕುಡ್ಲದ ಶೈಲಾ
ನನಗೆ ಮೊದಲು ಸಿಸೇರಿಯನ್, ಎರಡನೇದು ನಾರ್ಮಲ್. ಮಂಗಳೂರಲ್ಲಿಯೇ. ನನ್ನ ಡಾಕ್ಟ್ರು ಮೊದಲ ದಿನವೇ ಹಳೆಯ ಡಿಸ್ಚಾರ್ಜ್ ಸಮ್ಮರಿ ಕೇಳಿದ್ರು. ಯಾಕೆ ಅಂದ್ರೆ ಹೊರಗಿನ ಚರ್ಮದ ಗಾಯ ನೋಡಿದ್ರೆ ಗೊತ್ತಾಗುವುದಿಲ್ಲ, ಒಳಗೆ ಗರ್ಭಕೋಶ ಹೇಗೆ ಕೊಯ್ದಿದ್ದಾರೆ ಅಂತ ಕಾಗದದಲ್ಲಿ ಮಾತ್ರ ಉಂಟು. ನನ್ನದು ಕೆಳಭಾಗದಲ್ಲಿ ಅಡ್ಡ ಕೊಯ್ದದ್ದು, ಮೊದಲ ಸಲ ಮಗು ಉಲ್ಟಾ ಇದ್ದ ಕಾರಣ ಆದದ್ದು. ಈ ಸಲ ತಲೆ ಕೆಳಗೆ ಇತ್ತು. ನೋವು ತಾನಾಗಿಯೇ ಬಂತು. ರಾತ್ರಿ ಇಡೀ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತ ನೋಡ್ತಾ ಇದ್ರು, ಆಪರೇಷನ್ ಥಿಯೇಟರ್ ತಯಾರು ಇಟ್ಟಿದ್ರು. ಬೆಳಿಗ್ಗೆ ಮಗಳು ಹುಟ್ಟಿದಳು. ಸಂಜೆಗೆ ನಾನೇ ಎದ್ದು ಬಾತ್‌ರೂಮಿಗೆ ಹೋದೆ ಮಾರಾಯ್ತಿ, ಮೊದಲ ಸಲ ಎದ್ದು ಕೂರ್ಲಿಕ್ಕೇ ಇಬ್ಬರು ಹಿಡಿಯಬೇಕಿತ್ತು!

ಬೆಂಗ್ಳೂರ್ ಪಾಪು ಅಪ್ಪ
ಇದನ್ನ ಓದಿ ಎಲ್ರೂ ಹಟ ಹಿಡೀಬೇಡಿ ದಯವಿಟ್ಟು. ನಮ್ಮನೆಯವರೂ ಪ್ರಯತ್ನಪಟ್ರು, ಅರ್ಧ ದಾರಿಯಲ್ಲಿ ಮಗುವಿನ ಬಡಿತ ಇಳೀತು, ತುರ್ತು ಸಿಸೇರಿಯನ್ ಆಯ್ತು. ಇಬ್ರೂ ಚೆನ್ನಾಗಿದ್ದಾರೆ. ಚೆನ್ನಾಗಿರೋದು ಯಾಕೆ ಅಂದ್ರೆ ಅರಿವಳಿಕೆ ಡಾಕ್ಟ್ರು, ರಕ್ತ, ಥಿಯೇಟರ್ ಮೂರೂ ರಾತ್ರಿ ಹೊತ್ತಲ್ಲೂ ಅಲ್ಲೇ ಇದ್ವು.

ನರ್ಸಕ್ಕ
ಶೈಲಾ ಹೇಳಿದ್ದೂ ಸರಿ, ಅಪ್ಪ ಹೇಳಿದ್ದೂ ಸರಿ. ಪ್ರಯತ್ನ ಮಾಡೋ ನಾಲ್ವರಲ್ಲಿ ಹೆಚ್ಚೂಕಡಿಮೆ ಮೂವರಿಗೆ ನಾರ್ಮಲ್ ಆಗುತ್ತೆ. ಹಳೇ ಹೊಲಿಗೆ ಬಿಡೋ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಕಡಿಮೆಯೇ, ಆದ್ರೆ ಆದಾಗ ನಿಮಿಷಗಳ ಲೆಕ್ಕ. ಎಲ್ಲಿ ಹೆರಿಗೆ ಅನ್ನೋದನ್ನ ಏಳನೇ ತಿಂಗಳೊಳಗೆ ತೀರ್ಮಾನ ಮಾಡು, ನೋವು ಬಂದಾಗ ಅಲ್ಲ. ರಾತ್ರಿ ಡಾಕ್ಟ್ರು ಇರಲ್ಲ ಅನ್ನೋ ನರ್ಸಿಂಗ್ ಹೋಮಲ್ಲಿ ಈ ಪ್ರಯತ್ನ ಬೇಡವೇ ಬೇಡ.

ತುಂಗಾತೀರದವಳು
ನನಗೆ ಆಗಿದ್ದು ನೋವು ಬಂದ್ರೂ ಗರ್ಭಕೋಶದ ಬಾಯಿ ಪೂರ್ತಿ ತೆರೆಯಲಿಲ್ಲ ಅಂತ. ಡಿಸ್ಚಾರ್ಜ್ ಸಮ್ಮರಿ ಬೀರುನಲ್ಲಿದೆ, ತೆಗೆದಿಡ್ತೀನಿ. ನರ್ಸಕ್ಕಾ, ತುಂಬಾ ಥ್ಯಾಂಕ್ಸ್. ಐರನ್ ಮಾತ್ರೆ ಬಗ್ಗೆನೂ ಹೇಳಿ. ನುಂಗಿದ್ರೆ ವಾಂತಿ, ಮಲಬದ್ಧತೆ, ಹೊರಗೆ ಕಪ್ಪಗೆ ಹೋಗುತ್ತೆ. ಹಿಮೋಗ್ಲೋಬಿನ್ 9.8 ಇದೆ. ಅತ್ತೆ "ರಾಗಿ ತಿನ್ನು, ಮಾತ್ರೆ ಬಿಡು" ಅಂತಾರೆ.

ತುಮಕೂರು ಹಳ್ಳಿ ಹೈದ
ರಾಗಿ ತಿಂದೋನಿಗೆ ರೋಗ ಇಲ್ಲ. ಅತ್ತೆ ಮಾತು ಕೇಳಿ.

ಆಶಾ ದೀದಿ ಬಳ್ಳಾರಿ
ರಾಗಿ ತಿನ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ರಾಗಿಯೊಳಗ ಹೆಚ್ಚು ಇರೋದು ಕ್ಯಾಲ್ಸಿಯಂ. 9.8 ಇದ್ದದ್ದನ್ನ ಬರೀ ಮುದ್ದಿ ತಿಂದು ಏರಸಾಕ ಆಗಂಗಿಲ್ಲ. 11ರ ಕೆಳಗ ಇಳದ್ರ ರಕ್ತಹೀನತೆ ಅಂತನ ಲೆಕ್ಕ. ನಮ್ಮ ದೇಶದಾಗ ಬಸರಿ ಹೆಣ್ಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದ ಐತಿ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳ್ತದ. ಎರಡನೇದಕ್ಕ ಇನ್ನೂ ಜೋಪಾನ ಇರ್ಬೇಕು, ಯಾಕಂದ್ರ ಮೊದಲನೇ ಹೆರಿಗಿ, ಹಾಲು ಕುಡಸೂದು ಎಲ್ಲಾ ಆಗಿ ಮೈಯಾಗಿನ ಕಬ್ಬಿಣ ಖಾಲಿ ಆಗಿರ್ತದ.

ನಾನು ಮನಿಮನಿಗೆ ಹೋಗಿ ಹೇಳೂದು ಇಷ್ಟ. ಮಾತ್ರಿ ರಾತ್ರಿ ಊಟ ಆಗಿ ಒಂದ್ ತಾಸ್ ಬಿಟ್ಟು ನುಂಗ್ರಿ, ವಾಕರಿಕಿ ನಿದ್ದಿಯೊಳಗ ಹೋಗ್ತದ. ಜೋಡಿ ಲಿಂಬಿ ಶರಬತ್ತು ಕುಡೀರಿ, ಕಬ್ಬಿಣ ಮೈಗೆ ಹತ್ತಾಕ ಅನುಕೂಲ. ಚಾ ಬ್ಯಾಡ, ಹಾಲ ಬ್ಯಾಡ, ಕ್ಯಾಲ್ಸಿಯಂ ಮಾತ್ರಿ ಜೋಡಿ ಅಂತೂ ಬ್ಯಾಡವೇ ಬ್ಯಾಡ. ಕಪ್ಪಗ ಹೋಗೂದು ಮಾತ್ರಿ ಬಣ್ಣ, ಅದಕ್ಕ ಅಂಜಬ್ಯಾಡ್ರಿ. ಸರ್ಕಾರಿ ಲೆಕ್ಕದಾಗ ದಿನಕ್ಕ ಒಂದರಂಗ 180 ದಿನ, ರಕ್ತ ಕಮ್ಮಿ ಇದ್ದೋರಿಗೆ ದಿನಕ್ಕ ಎರಡು. ತಗೊಳ್ಳಾಕ ಆಗಂಗೇ ಇಲ್ಲ ಅಂದ್ರ ಡಾಕ್ಟರ್ ರಕ್ತನಾಳಕ್ಕ ಕಬ್ಬಿಣದ ಇಂಜೆಕ್ಷನ್ ಏರಸ್ತಾರ, ಅದು ಜಿಲ್ಲಾ ಆಸ್ಪತ್ರಿಯೊಳಗ ಸಿಗ್ತದ.

ಕುಡ್ಲದ ಶೈಲಾ
ನುಗ್ಗೆಸೊಪ್ಪು, ಬಸಳೆ, ಹೆಸರುಕಾಳು ಸಹ ತಿನ್ನಿ. ಮಾತ್ರೆಗೆ ಬದಲಾಗಿ ಅಲ್ಲ, ಮಾತ್ರೆಯ ಜೊತೆಗೆ.

ಹಾಸನದ ಹುಡ್ಗಿ
ಅಂಗನವಾಡಿಯ ಮಾತೃಪೂರ್ಣ ಊಟ ತಗೊಳ್ತಿದ್ದೀರಾ? 2017ರ ಅಕ್ಟೋಬರ್ 2ಕ್ಕೆ ಶುರುವಾದ ಯೋಜನೆ. ಅನ್ನ ಸಾಂಬಾರ್, ಮೊಟ್ಟೆ, ಹಾಲು, ಕಡ್ಲೆಬೀಜದ ಚಿಕ್ಕಿ. ನಮ್ಮೂರಲ್ಲಿ ಎರಡನೇ ಬಸಿರಿನೋರು ಹೋಗೋದೇ ಕಮ್ಮಿ, ಮನೆ ಕೆಲಸ ಬಿಟ್ಟು ಮಧ್ಯಾಹ್ನ ಯಾರು ಹೋಗ್ತಾರೆ ಅಂತ. ಮನೇಲಿ ಎಲ್ರಿಗೂ ಬಡಿಸಿ ಕೊನೆಗೆ ಉಳಿದದ್ದು ತಿನ್ನೋ ಹೆಂಗಸಿಗೆ ಕೂತು ಬಿಸಿ ಊಟ ಮಾಡೋ ಒಂದು ಜಾಗ ಅದು. ಹೋಗಿ ಅಕ್ಕಾ.

ಸಿರಿ ಅಮ್ಮ
ಕೇಸರಿ ಹಾಲು ಕುಡೀರಿ, ಮಗು ಬೆಳ್ಳಗೆ ಹುಟ್ಟುತ್ತೆ. ನನ್ನ ಎರಡೂ ಮಕ್ಕಳು ಬೆಳ್ಳಗಿವೆ.

ಮಲ್ನಾಡ್ ಮನೆ
ಬಣ್ಣ ಅಪ್ಪ ಅಮ್ಮನಿಂದ ಬರೋದು ಸಿರಿಯವರೇ. ಕಪ್ಪಗೆ ಹುಟ್ಟಿದ್ರೆ ಏನೀಗ?

ಸಿರಿ ಅಮ್ಮ
ನಾನು ಒಳ್ಳೇದಕ್ಕೆ ಹೇಳಿದ್ದು. ಸರಿ, ಇನ್ನೊಂದು ಕೇಳ್ತೀನಿ, ಸ್ಕ್ಯಾನ್ ರಿಪೋರ್ಟಲ್ಲಿ ಎದೆಬಡಿತ 150 ಮೇಲಿದ್ರೆ ಹೆಣ್ಣು ಅಂತಾರಲ್ಲ, ನಿಜಾನಾ? ನನ್ನ ನಾದಿನಿಗೆ ಎರಡನೇದು, ಅವರ ಮನೇಲಿ ಗಂಡು ಬೇಕು ಅಂತ ಕೂತಿದ್ದಾರೆ.

ವೇದಿಕೆ ನಿರ್ವಾಹಕಿ
ಈ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಡಬೇಡಿ. ಎದೆಬಡಿತಕ್ಕೂ ಲಿಂಗಕ್ಕೂ ಸಂಬಂಧ ಇಲ್ಲ. ಭ್ರೂಣಲಿಂಗ ಪತ್ತೆ 1994ರ ಕಾಯ್ದೆ ಪ್ರಕಾರ ಅಪರಾಧ, ಹೇಳುವ ಡಾಕ್ಟರಿಗೂ ಶಿಕ್ಷೆ, ಹೇಳಿಸಿಕೊಳ್ಳಲು ಒತ್ತಾಯ ಮಾಡುವ ಮನೆಯವರಿಗೂ ಶಿಕ್ಷೆ. ಮೊದಲನೇದು ಹೆಣ್ಣಾಗಿದ್ದ ಮನೆಗಳಲ್ಲಿ ಎರಡನೇ ಬಸಿರಿಗೇ ಈ ಒತ್ತಡ ಹೆಚ್ಚು. ನಿಮ್ಮ ನಾದಿನಿಯ ಪರ ನಿಲ್ಲಿ ಸಿರಿಯವರೇ, ಅವರಿಗೆ ಈಗ ಬೇಕಿರುವುದು ಅದು.

ಮಂಡ್ಯದ್ ಸೊಸೆ
ಸರಿಯಾಗ್ ಹೇಳುದ್ರಿ ಮೇಡಂ.

ಆಶಾ ದೀದಿ ಬಳ್ಳಾರಿ
ಹೆಣ್ಣಾದ್ರ ಸರ್ಕಾರನ ರೊಕ್ಕ ಕೊಡ್ತದ ಅಂತ ಹೇಳ್ರಿ ಅವರಿಗೆ. ಮಾತೃವಂದನಾ ಯೋಜನೆಯೊಳಗ ಮೊದಲು ಒಂದನೇ ಕೂಸಿಗೆ ಅಷ್ಟ 5,000 ಇತ್ತು. ಈಗ ಎರಡನೇದು ಹೆಣ್ಣಾದ್ರ 6,000 ಬರ್ತದ. ಅಂಗನವಾಡಿಯೊಳಗ ಅರ್ಜಿ ಹಾಕ್ರಿ. ಎರಡನೇದು ಗಂಡಾದ್ರ ಇಲ್ಲ.

ಲೆಸ್ಟರ್ ಕನ್ನಡತಿ
ಒಂದು ಬೇರೆ ಮಾತು. ನಾನು ಇಂಗ್ಲೆಂಡಲ್ಲಿದ್ದೀನಿ, ಇಲ್ಲೇ ಎರಡೂ ಹೆರಿಗೆ ಆಗಿದ್ದು. ಇಲ್ಲಿನ ಮಾರ್ಗಸೂಚಿಯಲ್ಲಿ ಮೊದಲ ಬಸಿರಿಗೆ 10 ಭೇಟಿ, ತೊಂದರೆ ಇಲ್ಲದಿದ್ರೆ ಎರಡನೇದಕ್ಕೆ 7. ಅಂದ್ರೆ ಎರಡನೇದಕ್ಕೆ ಭೇಟಿ ಕಡಿಮೆ ಮಾಡೋದು ಅಲಕ್ಷ್ಯ ಅಂತಲೇ ಅಲ್ಲ. ಸುಮ್ಮನೆ ಎಲ್ರೂ ಗಾಬರಿ ಆಗೋದೂ ಬೇಡ ಅನ್ಸುತ್ತೆ.

ಧಾರವಾಡ ಗೌಡ್ರು
ನೋಡ್ರಿ, ನಾ ಹೇಳಿದ್ದು ಇದನ್ನ!

ಹಾಸನದ ಹುಡ್ಗಿ
ಅಲ್ಲಿ 7 ಅಂದ್ರೆ 7 ಸಲ ಕರೆದು ನೋಡ್ತಾರೆ ಗೌಡ್ರೇ. ನಮ್ಮಲ್ಲಿ ಕನಿಷ್ಠ 4 ಸಲ ಅಂತ ಹೇಳೋದು, ಅದನ್ನೂ ಎರಡನೇದಕ್ಕೆ ಎಷ್ಟೋ ಮನೆಗಳಲ್ಲಿ ತಪ್ಪಿಸ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಕನಿಷ್ಠ 8 ಅಂದಿದೆ.

ಲೆಸ್ಟರ್ ಕನ್ನಡತಿ
ಅದು ಹೌದು. ಭೇಟಿ ಕಡಿಮೆ ಆದ್ರೂ ರಕ್ತ ಪರೀಕ್ಷೆ, ಸ್ಕ್ಯಾನ್ ಏನೂ ಬಿಡಲಿಲ್ಲ. ನಾಯಿಕೆಮ್ಮಿನ ಲಸಿಕೆ ಎರಡನೇದಕ್ಕೂ ಮತ್ತೆ ಕೊಟ್ರು. ನಮ್ಮವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ದಕ್ಷಿಣ ಏಷ್ಯಾ ಮೂಲದವರಿಗೆಲ್ಲ ಸಕ್ಕರೆ ಪರೀಕ್ಷೆಗೆ ಕಳಿಸ್ತಾರೆ. ಸಿಸೇರಿಯನ್ ಆಗಿದ್ದ ನನ್ನ ಗೆಳತಿಯನ್ನ ಆ 7ರ ಲೆಕ್ಕಕ್ಕೆ ಸೇರಿಸಲೇ ಇಲ್ಲ, ನೇರ ದೊಡ್ಡ ಡಾಕ್ಟರ್ ಹತ್ರ ಕಳಿಸಿದ್ರು. ತುಂಗಾ ಅವರೇ, ನಿಮ್ಮದೂ ಹಾಗೇ ಆಗಬೇಕಿತ್ತು.

ನೀಲಿ ಶಾಲು
ನನ್ನ ತಂಗಿಯ ವಿಷಯ ಹೇಳಲೇಬೇಕು. ಎರಡನೇದು, ಎಂಟನೇ ತಿಂಗಳು. ಕಾಲು ಊದಿತ್ತು, "ಮೊದಲನೇದಕ್ಕೂ ಊದಿತ್ತಲ್ಲ" ಅಂತ ಮನೆಯವರು ಸುಮ್ಮನಾದ್ರು. ಆಮೇಲೆ ಉಂಗುರ ಬೆರಳಿಂದ ಬರಲಿಲ್ಲ, ಸೋಪು ಹಚ್ಚಿ ಎಳೆದ್ರೂ ಬರಲಿಲ್ಲ. ಎರಡು ದಿನ ತಲೆನೋವು, ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡ್ರು. ಮೂರನೇ ದಿನ ಬೆಳಗ್ಗೆ ಒಲೆ ಮುಂದೆ ನಿಂತು "ಅಕ್ಕಾ, ಹಾಲಿನ ಪಾತ್ರೆ ಎರಡೆರಡು ಕಾಣ್ತಿದೆ" ಅಂದಳು. ನಾನು ಅಲ್ಲಿಗೆ ಹೋಗಿದ್ದು ಪುಣ್ಯ. 108ಕ್ಕೆ ಫೋನ್ ಮಾಡಿದೆ. ಬಿಪಿ 170/110 ಇತ್ತು. ಅವತ್ತೇ ಮಗು ತೆಗೆದ್ರು, ತಿಂಗಳು ತುಂಬಿರಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದ್ರು. ಮೊದಲ ಬಸಿರಲ್ಲಿ ಅವಳಿಗೆ ಬಿಪಿ ಇರಲೇ ಇಲ್ಲ. ಮೊದಲ ಸಲ ಬರಲಿಲ್ಲ ಅಂದ್ರೆ ಮುಂದೆ ಬರಲ್ಲ ಅಂತ ಯಾರೂ ನಂಬ್ಕೊಂಡು ಕೂರಬೇಡಿ.

ನರ್ಸಕ್ಕ
ಇದನ್ನ ಎಲ್ರೂ ಎರಡು ಸಲ ಓದಿ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಎದೆಗೂಡಿನ ಕೆಳಗೆ ನೋವು, ರಕ್ತ, ನೀರು ಹೋಗೋದು, ಮಗು ಅಲುಗಾಟ ಕಡಿಮೆ ಆಗೋದು. ಇದರಲ್ಲಿ ಯಾವುದೇ ಒಂದು ಬಂದ್ರೂ ನಾಳೆ ಅನ್ನಬಾರದು. ಕೈಯಲ್ಲಿ ದೊಡ್ಡ ಮಗು ಇರೋ ಅಮ್ಮಂದಿರಿಗೆ ಹೊಟ್ಟೆ ಮಗು ಒದೆಯೋದು ಗಮನಕ್ಕೇ ಬರಲ್ಲ, ದಿನವೆಲ್ಲ ಓಡಾಟ. ಮಧ್ಯಾಹ್ನ ಊಟ ಆದ್ಮೇಲೆ ಎಡ ಮಗ್ಗುಲಾಗಿ ಮಲಗಿ ಸ್ವಲ್ಪ ಹೊತ್ತು ಅದನ್ನೇ ಗಮನಿಸಿ. ಆ ಹೊತ್ತು ನಿಮ್ಮದು, ಯಾರು ಕರೆದ್ರೂ ಏಳಬೇಡಿ.

ಬೆಂಗ್ಳೂರ್ ಪಾಪು ಅಪ್ಪ
ಗಂಡಸರಿಗೆ ಒಂದು ಮಾತು. ಚೆಕಪ್‌ಗೆ ಜೊತೆಗೆ ಹೋಗಿ. ಹೋಗೋಕೆ ಆಗದಿದ್ರೆ ಅವತ್ತು ಮೊದಲ ಮಗುವನ್ನ ನೀವು ನೋಡ್ಕೊಳ್ಳಿ. ಡಾಕ್ಟ್ರ ಮುಂದೆ ಕೂತಾಗ ಮಡಿಲಲ್ಲಿ ಇನ್ನೊಂದು ಅಳ್ತಿದ್ರೆ ಆಕೆ ಏನು ಕೇಳ್ಬೇಕು ಅಂದ್ಕೊಂಡಿದ್ರೋ ಎಲ್ಲಾ ಮರೆತು ಬರ್ತಾರೆ.

ಟೆಕ್ಕಿ ತಾಯಿ
ಕೆಲಸಕ್ಕೆ ಹೋಗೋರಿಗೆ: ಎರಡನೇದಕ್ಕೆ ರಜೆ ಕಮ್ಮಿ ಅಂತ ನಮ್ಮ ಆಫೀಸಲ್ಲಿ ಒಬ್ರು ಹೇಳಿದ್ರು. ಸುಳ್ಳು. ಹೆರಿಗೆ ರಜೆ ಕಾಯ್ದೆಯ 2017ರ ತಿದ್ದುಪಡಿಯಿಂದ ಎರಡನೇ ಮಗುವಿಗೂ 26 ವಾರ ಸಂಬಳ ಸಹಿತ. 12 ವಾರ ಅನ್ನೋದು ಎರಡು ಮಕ್ಕಳಿದ್ದು ಮೂರನೇದಾದಾಗ.

ತುಂಗಾತೀರದವಳು
ಎಲ್ರಿಗೂ ಹೇಳ್ತೀನಿ ಅಂತ ಬಂದೆ. ಯಜಮಾನರಿಗೆ ಈ ಇಡೀ ಚರ್ಚೆ ಓದಿಸಿದೆ. ನೀಲಿ ಶಾಲು ಅವರು ಬರೆದದ್ದು ಓದಿ ಫೋನ್ ಕೆಳಗಿಟ್ಟು ಸುಮ್ಮನೆ ಕೂತ್ಬಿಟ್ರು. ಮಾರನೇ ದಿನ ರಜೆ ಹಾಕಿ ಬಂದ್ರು. ಕ್ಲಿನಿಕ್ ಬದಲಾಯಿಸಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಡಾಕ್ಟರ್ ಮೇಡಂ ಬ್ಲಡ್ ಗ್ರೂಪ್ ನೋಡಿದ ತಕ್ಷಣ ಐಸಿಟಿ ಬರೆದ್ರು. ನೆಗೆಟಿವ್ ಬಂದಿದೆ! 28ನೇ ವಾರಕ್ಕೆ ಇಂಜೆಕ್ಷನ್ ಅಂತ ತಾಯಿ ಕಾರ್ಡ್ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಮಾಸು ಮೇಲಿದೆ, ತೊಂದರೆ ಇಲ್ಲ. ನಾರ್ಮಲ್ ಬಗ್ಗೆ ಒಂಬತ್ತರಲ್ಲಿ ಮಾತಾಡೋಣ ಅಂದ್ರು. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೇಲಿ ಹೋಗ್ಬೇಕಾ?

ಆಶಾ ದೀದಿ ಬಳ್ಳಾರಿ
ಭಾಳ ಖುಷಿ ಆತ್ರಿ. ಸರ್ಕಾರಿ ಪದ್ಧತಿಯೊಳಗ ಖಾಲಿ ಹೊಟ್ಟಿ ಬೇಕಾಗಿಲ್ಲ. 75 ಗ್ರಾಂ ಗ್ಲೂಕೋಸ್ ನೀರಾಗ ಕಲಸಿ ಕೊಡ್ತಾರ, ಎರಡ್ ತಾಸ್ ಬಿಟ್ಟು ರಕ್ತ ತಗೀತಾರ. 140 ಅಥವಾ ಮ್ಯಾಲ ಬಂದ್ರ ಸಕ್ಕರಿ ಐತಿ ಅಂತ. ಒಮ್ಮಿ ಶುರುವಿಗೆ, ಮತ್ತೊಮ್ಮಿ 24–28 ವಾರದಾಗ. ತಿಂಗಳಾ 9ನೇ ತಾರೀಖಿಗೆ ಹೋದ್ರ ತಜ್ಞ ಡಾಕ್ಟರ್ ಇರ್ತಾರ, ಸುರಕ್ಷಿತ ಮಾತೃತ್ವ ಅಭಿಯಾನ ಅಂತ, ಪುಕ್ಕಟ.

ಕೋಲಾರದ ಕಾವ್ಯ
ನಾನೂ ಒಂದು ಕೇಳ್ಲಾ? ಎರಡನೇದು, ಈಗ ಎರಡು ತಿಂಗಳು. ಮೊದಲ ಹೆರಿಗೆ ಆದ್ಮೇಲೆ ಥೈರಾಯ್ಡ್ ಬಂತು, ಮಾತ್ರೆ ತಗೊಳ್ತಿದ್ದೀನಿ. ಮಗುವಿಗೆ ತೊಂದರೆ ಅಂತ ಪಕ್ಕದ ಮನೆ ಆಂಟಿ ನಿಲ್ಲಿಸು ಅಂದ್ರು.

ನರ್ಸಕ್ಕ
ನಿಲ್ಲಿಸಬೇಡ ಕಣಮ್ಮ! ಮಾತ್ರೆ ಇಲ್ದಿದ್ರೇನೇ ಮಗುವಿಗೆ ತೊಂದರೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯೋಕೆ ನಿನ್ನ ಥೈರಾಯ್ಡೇ ಆಧಾರ. ಬಸಿರಲ್ಲಿ ಡೋಸ್ ಹೆಚ್ಚಿಸಬೇಕಾಗೋದೇ ಜಾಸ್ತಿ. ಈ ವಾರವೇ ಥೈರಾಯ್ಡ್ ರಕ್ತ ಪರೀಕ್ಷೆ ಟಿಎಸ್‌ಎಚ್ ಮಾಡಿಸಿ ಡಾಕ್ಟ್ರಿಗೆ ತೋರಿಸು. ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ನೀರಲ್ಲಿ ನುಂಗು, ಐರನ್ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಫೋಲಿಕ್ ಆಸಿಡ್ ಶುರು ಮಾಡಿದ್ದೀಯಾ?

ಕೋಲಾರದ ಕಾವ್ಯ
ಇಲ್ಲ ಅಕ್ಕಾ.

ನರ್ಸಕ್ಕ
ಇವತ್ತೇ ಹೋಗಿ ತಾಯಿ ಕಾರ್ಡ್ ಮಾಡಿಸು, ಅಲ್ಲೇ ಕೊಡ್ತಾರೆ. ಟಿಎಸ್‌ಎಚ್ ಬಂದ್ಮೇಲೆ ಇಲ್ಲಿ ಬರಿ.